ಅಲ್ ಖೋರ್ ಕಡಲಿನ ಮಂಜು

ಆ ಶುಕ್ರವಾರ ನಾವು ದುಖಾನ್ ಕಡೆಯ ಕಡಲತೀರಕ್ಕೆ ಹೋಗಬೇಕಿತ್ತು. ಕಾರು ಎದುರು ಫ್ಲ್ಯಾಟಿನ ಅಕ್ಕನ ಗಂಡನದು. ಅಕ್ಕ ಮಲ್ಪೆಯ ಕಡೆಯವರು, ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಮದುವೆಯಾಗಿ ಮೈಸೂರಿನಿಂದ ದೋಹಾಕ್ಕೆ ಬಂದ ಹೊಸತರಲ್ಲಿ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಕಟ್ಟಡದಲ್ಲಿ ನನ್ನನ್ನು ಕನ್ನಡದಲ್ಲಿ ಮಾತಾಡಿಸಿದವರು ಅವರೊಬ್ಬರೇ. ಬೆಳಿಗ್ಗೆ ಬೇಗನೆ ಎದ್ದು ನಾನು ಚಿತ್ರಾನ್ನ ಕಲಸಿದ್ದೆ, ಅವರು ಕೋಳಿ ಸುಕ್ಕ ಮಾಡಿದ್ದರು. ಡಬ್ಬಿ ಹಿಡಿದು ಮೆಟ್ಟಿಲಿಳಿಯುವಾಗ ಅವರ ಗಂಡನಿಗೆ ಕಂಪನಿಯಿಂದ ಫೋನ್ ಬಂತು. ಯಾರಿಗೋ ಹುಷಾರಿಲ್ಲ, ಡ್ಯೂಟಿಗೆ ಬಾ ಎಂದರು. ಅವರು ಕಾರು ತೆಗೆದುಕೊಂಡು ಹೊರಟೇಬಿಟ್ಟರು.

ಡಬ್ಬಿಗಳನ್ನು ಮತ್ತೆ ಮೇಲೆ ಒಯ್ಯಬೇಕೆನ್ನುವಷ್ಟರಲ್ಲಿ ನನ್ನ ಗಂಡನಿಗೆ ತಮ್ಮ ಆಫೀಸಿನ ಈಜಿಪ್ಟಿನವರೊಬ್ಬರ ನೆನಪಾಯಿತು. ಆ ಮನುಷ್ಯ ಅಲ್ ಖೋರಿನಲ್ಲಿ ಒಂದು ಸಣ್ಣ ಫೈಬರ್ ಬೋಟ್ ಇಟ್ಟುಕೊಂಡಿದ್ದರು. ರಜೆ ಬಂದರೆ ಮೀನು ಹಿಡಿಯಲು ಹೋಗುವ ಹುಚ್ಚು. ಫೋನ್ ಮಾಡಿದ ಕೂಡಲೇ, "ಯಲ್ಲಾ, ಬನ್ನಿ, ನಾನೇ ಬಂದು ಕರೆದುಕೊಂಡು ಹೋಗ್ತೀನಿ" ಎಂದು ಇಂಗ್ಲಿಷಿನಲ್ಲಿ ಕೂಗಿದ್ದು ನನಗೂ ಕೇಳಿಸಿತು.

ಅಕ್ಕ ಮಾತ್ರ ಬಾಗಿಲಲ್ಲೇ ನಿಂತರು. "ಬೋಟಾ? ನಾನು ಬರುದಿಲ್ಲ. ನೀವಿಬ್ರು ಹೋಗಿ ಬನ್ನಿ."

"ಕಡಲೂರಿನವರು ನೀವೇ ಹೀಗಂದ್ರೆ ಹೇಗೆ ಅಕ್ಕ?" ಎಂದು ನಾನು ನಕ್ಕು ಅವರ ಕೈ ಹಿಡಿದೆ. ಅವರು ನಗಲಿಲ್ಲ. ಆದರೂ ಬಂದರು.

ದೋಣಿ ಹೊರಟಾಗ ಬಿಸಿಲಿತ್ತು. ಚಳಿಗಾಲದ ಹಿತವಾದ ಬಿಸಿಲು. ಉಪ್ಪುನೀರಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಹಸಿರು ಹಿಂದೆ ಸರಿಯಿತು, ದಡದ ಮನೆಗಳು ಚಿಕ್ಕವಾದವು. ಈಜಿಪ್ಟಿನವರು ಲೈಫ್ ಜಾಕೆಟ್ ತೆಗೆದುಕೊಟ್ಟರು. ಇದ್ದದ್ದು ಮೂರು, ನಾವು ನಾಲ್ಕು ಜನ. ನನ್ನ ಗಂಡ ತಮಗೆ ಬೇಡವೆಂದರು. ಅವರಿಗೆ ಈಜು ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಆಗ ಅದು ದೊಡ್ಡ ವಿಷಯವೆಂದು ಯಾರಿಗೂ ಅನಿಸಲಿಲ್ಲ.

ಮಂಜು ಬಂದದ್ದನ್ನು ಮೊದಲು ಕಂಡವರು ಅಕ್ಕ. ದೂರದಲ್ಲಿ ನೀರಿನ ಮೇಲೆ ಬಿಳಿಯ ಗೋಡೆಯಂಥದ್ದೊಂದು ಎದ್ದಿತ್ತು. "ಅದೆಂತ ಅದು?" ಎಂದು ಅವರು ಕೇಳಿ ಮುಗಿಸಿ ಸ್ವಲ್ಪ ಹೊತ್ತಾಗಿರಬೇಕು, ಗಾಳಿ ತಣ್ಣಗಾಯಿತು. ಆಮೇಲೆ ದಡವಿಲ್ಲ, ಸೂರ್ಯನಿಲ್ಲ. ದೋಣಿಯ ಆ ತುದಿಯಲ್ಲಿ ಕುಳಿತ ನನ್ನ ಗಂಡನ ಮುಖವೇ ಮಸುಕಾಯಿತು.

"ನೋ ಪ್ರಾಬ್ಲಮ್, ದಡ ಹಿಂದೆ ಇದೆ" ಎಂದು ಈಜಿಪ್ಟಿನವರು ದೋಣಿ ತಿರುಗಿಸಿದರು. ತುಂಬಾ ಹೊತ್ತು ಓಡಿಸಿದರೂ ದಡ ಸಿಗಲಿಲ್ಲ. ಮತ್ತೊಂದು ಕಡೆಗೆ ತಿರುಗಿಸಿದರು. ಅವರ ಹಾಡು, ತಮಾಷೆ ಎಲ್ಲ ನಿಂತುಹೋಗಿತ್ತು. ಫೋನಿಗೆ ಸಿಗ್ನಲ್ ಬಂದುಹೋಗಿ ಮಾಡುತ್ತಿತ್ತು. ಒಮ್ಮೆ ಅವರ ಗೆಳೆಯನೊಬ್ಬ ಸಿಕ್ಕಿದ. ಎಲ್ಲಿದ್ದೀಯ ಎಂದು ಕೇಳಿದನಂತೆ. "ಅದು ಗೊತ್ತಿದ್ದರೆ ನಿನಗೇಕೆ ಫೋನ್ ಮಾಡ್ತಿದ್ದೆ?" ಎಂದು ಇವರು ಕಿರುಚಿದರು. ಈ ಮಂಜಿನಲ್ಲಿ ಯಾವ ದೋಣಿಯೂ ಹೊರಡುವುದಿಲ್ಲ, ಇದ್ದಲ್ಲೇ ಇರಿ ಎಂದು ಅವನು ಹೇಳುತ್ತಿದ್ದಂತೆ ಫೋನ್ ಕಡಿದುಹೋಯಿತು.

ನಾನು ಅಕ್ಕನ ಕಡೆ ನೋಡಿದೆ. ಮೆಟ್ಟಿಲಲ್ಲಿ ಹಲ್ಲಿ ಕಂಡರೂ ಊರಿಗೆಲ್ಲ ಕೇಳುವಂತೆ ಕೂಗಿ, ಆಮೇಲೆ ತಾವೇ ನಗುವ ಹೆಂಗಸು ಅವರು. ಈಗ ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ತುಟಿ ಬಿಗಿದು ಕುಳಿತಿದ್ದರು. ಕಡಲಿನ ಪಕ್ಕದಲ್ಲೇ ಹುಟ್ಟಿದವರು ಹೀಗೆ ಕುಳಿತದ್ದನ್ನು ಕಂಡು ನಾನು ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಇನ್ನಷ್ಟು ಬಿಗಿದುಕೊಂಡೆ.

ಅಷ್ಟರಲ್ಲಿ ಎಲ್ಲಿಂದಲೋ ದಪ್ಪ ಇಂಜಿನ್ನಿನ ಸದ್ದು ಕೇಳಿತು. ಎಡದಿಂದಲೋ ಬಲದಿಂದಲೋ ತಿಳಿಯಲಿಲ್ಲ. ಸದ್ದು ಬೆಳೆಯುತ್ತಲೇ ಹೋಯಿತು. ನಾವೆಲ್ಲ ಒಟ್ಟಿಗೆ ಕೂಗಿಕೊಂಡೆವು. ಮಂಜಿನೊಳಗಿಂದ ಮೀನುಗಾರರ ದೊಡ್ಡ ಮರದ ಹಡಗಿನ ಮೂತಿ ನಮ್ಮ ತಲೆಗಿಂತ ಎತ್ತರದಲ್ಲಿ ಮೂಡಿತು, ಪಕ್ಕದಲ್ಲೇ ಕರ್ರಗೆ ಹಾದುಹೋಯಿತು. ಅವರಿಗೆ ನಾವು ಕಂಡೆವೋ ಇಲ್ಲವೋ. ಅದರ ಅಲೆಗೆ ನಮ್ಮ ದೋಣಿ ಒಂದೇ ಬದಿಗೆ ವಾಲಿತು. ನನ್ನ ಗಂಡ ಜಾರಿ ಅಂಚಿಗೆ ಬಡಿದರು. ಅವರ ಮೈಮೇಲೆ ಬರೀ ಬಿಳಿ ಶರ್ಟು. ನಾನು ಆ ಶರ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ, ಆಮೇಲೆ ಬಿಡಲಿಲ್ಲ.

ಆಗ ಅಕ್ಕ ಬಾಯಿಬಿಟ್ಟರು. "ಸಾಕು ಮಾರಾಯ್ರೆ! ಅವ್ರಿಗೆ ಇಂಜಿನ್ ಬಂದ್ ಮಾಡ್ಲಿಕ್ಕೆ ಹೇಳಿ. ಎಲ್ಲಿಗಂತ ಓಡಿಸುದು?"

ನನ್ನ ಗಂಡ ಹೇಳಿದರು. "ಖಲಾಸ್" ಎಂದು ಈಜಿಪ್ಟಿನವರು ಇಂಜಿನ್ ನಿಲ್ಲಿಸಿ ಲಂಗರು ಬಿಟ್ಟು, ಮುಖ ಮುಚ್ಚಿಕೊಂಡು ಕುಳಿತರು. ಮತ್ತೊಂದು ಹಡಗು ಬಂದರೆ ಎಂಬ ಯೋಚನೆ ಒಂದೇ ನನ್ನ ತಲೆಯಲ್ಲಿ. ಪ್ರತಿ ಸಣ್ಣ ಸದ್ದಿಗೂ ಬೆಚ್ಚುತ್ತಿದ್ದೆ. ಮೈಸೂರಿನ ಮನೆಗೆ ಈ ಸುದ್ದಿ ಯಾರು ಹೇಳುತ್ತಾರೆ, ಅಮ್ಮ ಆಗ ಏನು ಮಾಡುತ್ತಿರುತ್ತಾಳೆ ಎಂದೆಲ್ಲ ಯೋಚಿಸಿದೆ. ಬಟ್ಟೆ ಒದ್ದೆಯಾಗಿ ಹಲ್ಲು ಕಟಕಟ ಎನ್ನುತ್ತಿತ್ತು.

ಎಷ್ಟು ಹೊತ್ತು ಹಾಗೆ ಕುಳಿತೆವೋ. ಶುಕ್ರವಾರದ ನಮಾಜಿನ ಬಾಂಗ್ ತೇಲಿ ಬಂತು. ಒಂದಲ್ಲ, ಹಲವು ಮಸೀದಿಗಳದ್ದು, ಒಂದರ ಮೇಲೊಂದು. ಈಜಿಪ್ಟಿನವರು ಧಡಕ್ಕನೆ ಎದ್ದು ನಿಂತರು. "ಊರು! ಯಾವ ಕಡೆ? ತೋರಿಸಿ!"

ನಾಲ್ವರೂ ಕೈ ಚಾಚಿದೆವು. ಒಂದೊಂದು ಕೈ ಒಂದೊಂದು ಕಡೆಗಿತ್ತು. ಅದನ್ನು ನೋಡಿ ನನಗೆ ಅಳು ಬಂದುಬಿಟ್ಟಿತು.

"ಈಗ ಹೊರಡುದು ಬೇಡ" ಎಂದರು ಅಕ್ಕ. "ಊರು ಹತ್ರ ಉಂಟಲ್ಲ, ಅಷ್ಟು ಸಾಕು. ಕಾಯುವ."

ಕಾದೆವು. ಬಾಂಗ್ ನಿಂತ ಮೇಲೆ ಪ್ರವಚನದ ದನಿ ಕೇಳುತ್ತಿತ್ತು. ಅದು ನಿಲ್ಲುವ ಮೊದಲೇ ತಲೆಯ ಮೇಲೆ ಒಂದು ಕಡೆ ಬೆಳಕು ಹಳದಿಯಾಯಿತು, ಮಂಜು ಹರಿದು ಹರಿದು ಸರಿಯಿತು. ದಡ ನಾವು ಯಾರೂ ಕೈ ತೋರಿಸದ ಕಡೆಯಲ್ಲಿತ್ತು. ಮಸೀದಿಯ ಗೋಪುರ, ನೀರಿನ ಟ್ಯಾಂಕು, ನಿಲ್ಲಿಸಿದ ಕಾರುಗಳು ಕಾಣುವಷ್ಟು ಹತ್ತಿರ. ಬಾಂಗ್ ನಂಬಿ ಹೊರಟಿದ್ದರೆ ಮತ್ತೆ ಕಡಲಿನ ಒಳಕ್ಕೇ ಹೋಗುತ್ತಿದ್ದೆವು.

ದಡದಲ್ಲಿ ಈಜಿಪ್ಟಿನವರು ನನ್ನ ಗಂಡನನ್ನು ತಬ್ಬಿಕೊಂಡು ಏನೇನೋ ಅರಬ್ಬಿಯಲ್ಲಿ ಹೇಳಿದರು. ನಾನು ಮರಳಿನ ಮೇಲೆಯೇ ಕುಳಿತೆ. ಡಬ್ಬಿ ಬಿಚ್ಚುವ ಮನಸ್ಸು ಯಾರಿಗೂ ಇರಲಿಲ್ಲ.

ವಾಪಸು ಬರುವಾಗ ಹಿಂದಿನ ಸೀಟಿನಲ್ಲಿ ಅಕ್ಕ ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡಿದ್ದರು. ದೋಹಾದ ಕಟ್ಟಡಗಳು ಕಾಣತೊಡಗಿದ ಮೇಲೆ ಮೆಲ್ಲಗೆ ಹೇಳಿದರು:

"ನಮ್ಮ ಅಣ್ಣ ಹೀಗೇ ಒಮ್ಮೆ ಕಡಲಿಗೆ ಹೋದವ ಮೂರು ದಿನ ಬರ್ಲಿಲ್ಲ. ನಾನಾಗ ಶಾಲೆಗೆ ಹೋಗ್ತಿದ್ದೆ. ಆಮೇಲೆ ಬಂದ, ಜೀವ ಉಂಟು. ಅಲ್ಲಿ ಎಂತ ಆಯ್ತಂತ ಇವತ್ತಿನವರೆಗೆ ಬಾಯಿ ಬಿಡ್ಲಿಲ್ಲ. ನಾನು ಅವನ ಹತ್ರ ಎಷ್ಟು ಜಗಳ ಮಾಡಿದ್ದೆ, ಹೇಳು ಹೇಳು ಅಂತ."

ಅವರು ಕಿಟಕಿಯ ಕಡೆ ತಿರುಗಿದರು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಡ್ಯೂಟಿಯಿಂದ ಗಂಡ.

"ಹ್ಞಾಂ, ಹೋಗಿದ್ದೆವು" ಎಂದರು ಅಕ್ಕ. "ಎಂತ ಇಲ್ಲ. ಸ್ವಲ್ಪ ಚಳಿ ಇತ್ತು ಅಷ್ಟೆ. ನೀವು ಊಟ ಮಾಡಿದ್ರಾ?"