ಅಕ್ಕನ ಸಕ್ಕರೆ, ನನ್ನ ಬೆರಳು

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದಾಗ ನಾವಿಬ್ಬರೂ ಹರಿಹರದಲ್ಲಿದ್ದೆವು. ದಾವಣಗೆರೆ ಪಿ.ಜೆ. ಬಡಾವಣೆಯ ಡಾಕ್ಟರು ರಕ್ತ ನೋಡುವ ಸಣ್ಣ ಯಂತ್ರ ಕೊಟ್ಟು, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿ, ಬಂದ ಅಂಕಿಗಳನ್ನು ವಾರಕ್ಕೊಮ್ಮೆ ಇ-ಮೇಲ್ ಮಾಡಲು ಹೇಳಿದರು. ಇಂಟರ್‌ನೆಟ್ ಆಗಷ್ಟೇ ಬಂದಿತ್ತು, ಅದೂ ದಾವಣಗೆರೆಗೆ ಮಾತ್ರ. ನಾನು ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಕ್ಲಿನಿಕ್ಕಿನ ಕೆಳಗೇ ಇದ್ದ ಇಂಟರ್‌ನೆಟ್ ಅಂಗಡಿಯಲ್ಲಿ ಕೂತು, ಮಹಡಿಯ ಮೇಲಿದ್ದ ಡಾಕ್ಟರಿಗೆ ಇ-ಮೇಲ್ ಕಳಿಸುತ್ತಿದ್ದೆ.

“ಮೇಲೆ ಬಂದು ಬಾಯಲ್ಲೇ ಹೇಳ್ಲೇನ್ರಿ?” ಎಂದು ಒಮ್ಮೆ ಕೇಳಿದೆ.

“ಬ್ಯಾಡ್ರಿ, ಕೂತೋರು ಕೇಳಿಸ್ಕೊಂತಾರೆ. ರೋಗಿ ವಿಷಯ ಗುಟ್ಟಾಗಿರಬೇಕು. ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ್ರಿ” ಎಂದರು ಡಾಕ್ಟರು.

ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇಂಗ್ಲಿಷ್ ಅಕ್ಷರ ಒತ್ತಲು ಬರುತ್ತಿರಲಿಲ್ಲ. ಅಂಗಡಿಯವನೇ ಒತ್ತುತ್ತಿದ್ದ. ಪಾಸ್‌ವರ್ಡ್ ನಮ್ಮ ಎಮ್ಮೆಯ ಹೆಸರು. “ಯಜಮಾನ್ರೇ, ಎಮ್ಮೆ ಹೆಸರೇನಂದ್ರಿ?” ಎಂದು ಅವನು ಕೂಗಿದರೆ, ಸರದಿಗೆ ಕಾದು ಕೂತ ಕಾಲೇಜು ಹುಡುಗರೇ ಒಟ್ಟಾಗಿ ಉತ್ತರ ಕೊಡುತ್ತಿದ್ದರು.

ತೊಡಕಿದ್ದದ್ದು ಮನೆಯಲ್ಲಿ. ಲಿಂಗಪೂಜೆ ಮುಗಿಯುವವರೆಗೂ ಅಕ್ಕ ಬೆರಳಿಗೆ ಸೂಜಿ ಮುಟ್ಟಗೊಡುತ್ತಿರಲಿಲ್ಲ. ಮುಗಿದ ಕೂಡಲೇ ನೈವೇದ್ಯದ ಬಾಳೆಹಣ್ಣು ಬಾಯಿಗೆ ಹೋಗಿರುತ್ತಿತ್ತು. ಖಾಲಿ ಹೊಟ್ಟೆ ಎಲ್ಲಿಯದು?

“ನಿನ್ನ ಬೆರಳಿಗೇ ಚುಚ್ಕಳೋ. ಒಬ್ಬಳ ಹೊಟ್ಟೇಲಿ ಹುಟ್ಟಿದೋರು, ರಕ್ತ ಬ್ಯಾರೆ ಆಗತೈತೇನು?” ಎಂದಳು.

ಇಬ್ಬರಿಗೂ ಅದು ಸರಿ ಎನ್ನಿಸಿತು. ಅಂದಿನಿಂದ ನನ್ನ ರಕ್ತದ ಅಂಕಿಗಳು ಅಕ್ಕನ ಹೆಸರಿನಲ್ಲಿ, ಎಮ್ಮೆಯ ಕಾವಲಿನಲ್ಲಿ, ಭದ್ರವಾಗಿ ಮಹಡಿ ಏರಿದವು.

ಅಂಕಿ ಹೆಚ್ಚುತ್ತಾ ಹೋಯಿತು. ಡಾಕ್ಟರು ಅಕ್ಕನ ಮಾತ್ರೆ ಹೆಚ್ಚಿಸಿದರು. ಅಷ್ಟರಲ್ಲಿ ನನಗೆ ಬಾಯಿ ಒಣಗತೊಡಗಿತ್ತು, ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದೆ. ಅಕ್ಕನಿಗೂ ಮೊದಲು ಹೀಗೇ ಆಗಿದ್ದು. ಆದರೆ ನನಗೂ ಕಾಯಿಲೆ ಎಂದಾದರೆ ಬಸ್ ನಿಲ್ದಾಣದ ಹೋಟೆಲಿನ ಜಿಲೇಬಿ ತಪ್ಪುತ್ತಿತ್ತು. ಸುಮ್ಮನಿದ್ದೆ.

ಒಂದು ಮಧ್ಯಾಹ್ನ ರೊಟ್ಟಿ ತಟ್ಟುತ್ತಿದ್ದ ಅಕ್ಕ ಬೆವರಿನಲ್ಲಿ ತೊಯ್ದು, ನಡುಗುತ್ತಾ ಕುಸಿದು ಕೂತಳು. ಪಕ್ಕದ ಮನೆಯಾಕೆ ಸಕ್ಕರೆ ನೀರು ಕುಡಿಸಿದ್ದರಿಂದ ಉಳಿದಳು. ಬಾಡಿಗೆ ಕಾರಿನಲ್ಲಿ ದಾವಣಗೆರೆಗೆ ಓಡಿದೆವು. ಅಲ್ಲಿ ನೋಡಿದರೆ ಅವಳ ರಕ್ತದ ಸಕ್ಕರೆ ಇನ್ನೂ ತಳದಲ್ಲೇ ಇತ್ತು. ಚುಚ್ಚುತ್ತಿದ್ದುದು ನನ್ನ ಬೆರಳಿಗೆ ಎಂದು ನಾನು ಬಾಯಿ ಬಿಟ್ಟೆ. ಡಾಕ್ಟರು ನನ್ನ ಬೆರಳಿಗೂ ಚುಚ್ಚಿ ನೋಡಿ, “ನಿಮ್ಮ ರೋಗಕ್ಕೆ ಇವರಿಗೆ ಮಾತ್ರೆ ನುಂಗಿಸೀನಲ್ರೀ!” ಎಂದು ತಲೆ ಹಿಡಿದುಕೊಂಡರು.

ಅಕ್ಕ ಮಲಗಿದ್ದಲ್ಲೇ ನಕ್ಕಳು. ಆಮೇಲೆ ನನ್ನ ಕೈ ಹಿಡಿದು, “ನಿನಗೂ ಕಾಯಿಲೆ ಐತಂತ ಒಂದೀಟೂ ಅನುಮಾನ ಬರಲಿಲ್ಲೇನೋ?” ಎಂದಳು.

“ಇಲ್ಲಕ್ಕ” ಎಂದೆ.

ಅವಳು ನಂಬಿದಳು. ಚುಚ್ಚಿಕೋ ಎಂದವಳು ತಾನೇ ಎಂದು ಡಾಕ್ಟರ ಎದುರು ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡಳು. ನಾನು ತಡೆಯಲಿಲ್ಲ.