ಮುದಿ ಚಿರತೆಗೆ ನಾನಿಟ್ಟ ವಿಷ

ಆ ಚಿರತೆ ಸತ್ತು ಎರಡು ವರ್ಷವಾಯಿತು. ಇವತ್ತಿಗೂ ನೆನೆದರೆ ನನಗೆ ಮೈ ಉರಿಯುತ್ತದೆ. ಸತ್ತದ್ದರ ಮೇಲೆ ಹಗೆ ಇಟ್ಟುಕೊಳ್ಳಬಾರದಂತೆ. ಇಟ್ಟುಕೊಂಡಿದ್ದೇನೆ, ಏನು ಮಾಡಲಿ?

ಕೂಟಗಲ್ ಹತ್ತಿರದ ನಮ್ಮ ಹಿಪ್ಪುನೇರಳೆ ತೋಟದ ಹಿಂದಿನ ಬೆಟ್ಟಕ್ಕೆ ಅದು ಬಂದಾಗ ಇನ್ನೂ ಎಳೆಯ ಗಂಡು. ಬೆಳಗಿನ ಬಿಸಿಲಿಗೆ ಬಂಡೆಯ ಮೇಲೆ ಕಾಲು ಚಾಚಿ ಮಲಗಿರುತ್ತಿತ್ತು. ಸೊಪ್ಪು ಕೊಯ್ಯುತ್ತಾ ನಾವು ಅದನ್ನು ನೋಡುತ್ತಿದ್ದೆವು, ಅದೂ ನಮ್ಮನ್ನು ನೋಡುತ್ತಿತ್ತು. ಹಂದಿಮರಿ, ಮೊಲ, ನವಿಲು, ಯಾವಾಗಲಾದರೂ ಒಂದು ಬೀದಿನಾಯಿ, ಅದರ ಊಟ ಅಷ್ಟೆ. ಗರಗಸ ಎಳೆದ ಹಾಗೆ ಕೂಗುತ್ತಿತ್ತು. ಆ ಕೂಗು ಇರುವ ತನಕ ಬೇರೆ ಗಂಡು ಈ ಬೆಟ್ಟಕ್ಕೆ ಕಾಲಿಡಲಿಲ್ಲ. ನಮ್ಮ ಕಡೆ ಸಿಂಹ ಎಲ್ಲಿಂದ ಬರಬೇಕು? ನಮಗೆ ಅದೇ ಸಿಂಹ. ನೆಂಟರು ಬಂದರೆ ನಮ್ಮ ಯಜಮಾನರು ಸ್ವಂತ ಆಸ್ತಿ ತೋರಿಸುವವರಂತೆ ಬಂಡೆ ಕಡೆ ಕೈ ತೋರಿಸುತ್ತಿದ್ದರು.

ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಮಾಗಡಿ ಕಡೆಯಿಂದ ಒಂದು ಪ್ರಾಯದ ಗಂಡು ಬಂತು. ಎರಡೂ ಕಚ್ಚಾಡಿದ್ದು ಊರಿಗೆಲ್ಲ ಕೇಳಿಸಿತು. ಆ ವಾರದಿಂದ ಬಂಡೆ ಹೊಸಬನದಾಯಿತು. ನಮ್ಮದು ಕಿವಿ ಹರಿಸಿಕೊಂಡು, ಹಿಂಗಾಲು ಎಳೆಯುತ್ತಾ ಕೆಳಗಿನ ಪೊದೆಗೆ ಇಳಿಯಿತು. ಓಡಿ ಹಿಡಿಯುವ ಶಕ್ತಿ ಇಲ್ಲದೆ ಕೋಳಿ, ಕಟ್ಟಿಹಾಕಿದ ನಾಯಿ, ಇಂಥವಕ್ಕೆ ಬಾಯಿ ಹಾಕತೊಡಗಿತು.

“ಪಾಪ, ವಯಸ್ಸಾಗೋಗೈತೆ ಕಣೇ, ಏನ್ ತಿಂದಾತು?” ಎಂದರು ಯಜಮಾನರು. ನಾನೂ ಪಾಪ ಎಂದೆ. ಎಂಥ ಮಂಕು ನಾನು!

ಮರುವಾರ ಹಾಡಹಗಲಲ್ಲೇ ಅದು ನನ್ನ ಕರುವನ್ನು ಹಿಡಿಯಿತು. ತಾಯಿ ಸತ್ತ ಹೆಣ್ಣುಕರು. ಬಾಟಲಿಯಲ್ಲಿ ಹಾಲು ಕುಡಿಸಿ ನಾನೇ ಸಾಕಿದ್ದೆ. ನನ್ನ ಸೆರಗು ಚೀಪುತ್ತಾ ಅಡುಗೆಮನೆಯ ತನಕ ಬರುತ್ತಿತ್ತು. ನಾನು ಓಡಿಹೋಗುವಷ್ಟರಲ್ಲಿ ಆ ಮುದಿ ದರಿದ್ರ ಅದರ ಗಂಟಲು ಹಿಡಿದಿತ್ತು. ಹಲ್ಲು ಸವೆದಿದ್ದವೋ ಏನೋ, ಬೇಗ ಕೊಲ್ಲಲೂ ಅದಕ್ಕೆ ಆಗಲಿಲ್ಲ. ಕರು ಒದ್ದಾಡುತ್ತಾ ನನ್ನನ್ನೇ ನೋಡುತ್ತಿತ್ತು. ಕಲ್ಲು ಬೀರಿದೆ. ಅದು ಅವಸರವೇ ಇಲ್ಲದೆ ಕುಂಟುತ್ತಾ ಪೊದೆಗೆ ಹೋಯಿತು. ಕರು ನನ್ನ ಮಡಿಲಲ್ಲೇ ಸತ್ತಿತು.

ಅರಣ್ಯ ಇಲಾಖೆಯವರು ಬಂದು ಬರೆದುಕೊಂಡರು, ಬೋನು ಇಟ್ಟರು. ಒಳಗೆ ಕಟ್ಟಿದ ನಾಯಿ ಮೂರು ದಿನ ಬೊಗಳಿ ಸುಸ್ತಾಯಿತು, ಚಿರತೆ ಬರಲಿಲ್ಲ. ಅದನ್ನು ಹಿಡಿದು ಬೇರೆ ಕಾಡಿಗೆ ಬಿಡುವುದು ನನಗೆ ಬೇಕೂ ಇರಲಿಲ್ಲ. ಅದು ಸಾಯಬೇಕಿತ್ತು. ನನ್ನ ಕೈಯಿಂದಲೇ ಸಾಯಬೇಕಿತ್ತು.

ಪಕ್ಕದ ಹೊಲದಲ್ಲಿ ಟೊಮೆಟೊ ಬೆಳೆಯುವವನು ಯಜಮಾನರ ಬಾಲ್ಯದ ಗೆಳೆಯ. ಗಿಡಕ್ಕೆ ಹೊಡೆಯುವ ಔಷಧಿ ಒಸಿ ಕೊಡು ಎಂದೆ.

“ರೇಷ್ಮೆ ಮನೆಯೋರಿಗೆ ಇದ್ಯಾಕಕ್ಕಾ?”

“ಇರುವೆ ಜಾಸ್ತಿ ಆಗವೆ.”

ಅವನು ನನ್ನ ಮುಖ ನೋಡಿ, ಸೀಸೆಗೆ ಸುರಿದು ಕೊಟ್ಟ.

ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಆ ಔಷಧಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಮುಟ್ಟಿದವರು ಸ್ನಾನ ಮಾಡಿ ಬಟ್ಟೆ ಬದಲಿಸದೆ ಹುಳದ ಮನೆಗೆ ಕಾಲಿಡುವಂತಿಲ್ಲ. ಇದು ನಮ್ಮೂರಿನ ಮಕ್ಕಳಿಗೂ ಗೊತ್ತು. ನಾನು ಒಂದು ಕೋಳಿ ಕೊಯ್ದು, ಅದಕ್ಕೆ ಔಷಧಿ ಸವರಿ ಪೊದೆಯ ಬಳಿ ಇಟ್ಟೆ. ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಆಮೇಲೆ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆದೆ. ಸೀರೆ ಬದಲಿಸುವುದು ಮರೆತೇ ಹೋಯಿತು. ತಲೆಯಲ್ಲಿ ಆ ಚಿರತೆ ಬಿಟ್ಟರೆ ಬೇರೇನೂ ಇರಲಿಲ್ಲ. ಅದೇ ಸೆರಗಿನಲ್ಲಿ ನಾಲ್ಕಾರು ಸಲ ಸೊಪ್ಪು ತುಂಬಿಕೊಂಡು ಹೋಗಿ ಹುಳುಗಳಿಗೆ ಹಾಸಿದೆ.

ಬೆರಳಿನಷ್ಟು ದಪ್ಪವಾಗಿದ್ದ ಹುಳು, ಇನ್ನು ಮೂರು ದಿನಕ್ಕೆ ಗೂಡು ಕಟ್ಟಬೇಕಿತ್ತು. ಸಂಜೆಗೆಲ್ಲ ತಲೆ ಆಡಿಸುತ್ತಾ, ಹಸಿರು ನೀರು ಕಕ್ಕುತ್ತಾ, ತಟ್ಟೆ ತಟ್ಟೆಯೇ ಸುರುಟಿಕೊಂಡು ಸತ್ತವು.

ಯಜಮಾನರು ನೇರ ಗೆಳೆಯನ ಹೊಲಕ್ಕೆ ನುಗ್ಗಿ, ಊರವರೆಲ್ಲ ಸೇರುವ ಹಾಗೆ ಕೂಗಾಡಿದರು. “ನನ್ ಹುಳ ಸಾಯಿಸ್ಬುಟ್ಯಲ್ಲೋ ಲೇ! ಗಾಳಿ ನೋಡ್ಕಂಡು ಔಷಧಿ ಹೊಡಿಯಾಕೆ ಏನ್ಲಾ ರೋಗ ನಿಂಗೆ?”

“ಈ ವಾರ ನಾನ್ ಹೊಡ್ದೇ ಇಲ್ಲ ಕಣ್ಲಾ,” ಎಂದ ಅವನು ಯಜಮಾನರ ಹಿಂದೆ ನಿಂತಿದ್ದ ನನ್ನನ್ನು ನೋಡಿದ. ನನ್ನ ಹೆಸರು ಎತ್ತಲಿಲ್ಲ. ನಾನು ಬಾಯಿ ಬಿಡಲಿಲ್ಲ. ಅವನ ಹೊಲಕ್ಕೆ ಹೋಗಲು ಇದ್ದದ್ದು ನಮ್ಮ ಜಮೀನಿನ ಮೇಲಿನ ಒಂದೇ ದಾರಿ. ಯಜಮಾನರು ಅವತ್ತೇ ಅದಕ್ಕೆ ಮುಳ್ಳು ಹಾಕಿದರು.

ಕೋಳಿಯನ್ನು ಚಿರತೆ ಮೂಸಿಯೂ ನೋಡಿರಲಿಲ್ಲ. ಪಕ್ಕದಲ್ಲಿ ಎರಡು ಕಾಗೆ ಸತ್ತು ಬಿದ್ದಿದ್ದವು. ಎಲ್ಲವನ್ನೂ ಹೂತೆ.

ಹತ್ತು ದಿನ ಕಳೆದು ಕಾಲುವೆ ಬದಿಯಲ್ಲಿ ಅದರ ಹೆಣ ಸಿಕ್ಕಿತು. ಇಲಾಖೆಯ ಡಾಕ್ಟರು ಕೊಯ್ದು ನೋಡಿದರು. ಹಲ್ಲು ವಸಡಿನ ತನಕ ಸವೆದಿದ್ದವು, ಹೊಟ್ಟೆ ಖಾಲಿ. “ವಿಷ ಏನಿಲ್ಲ. ವಯಸ್ಸು, ಹಸಿವು, ಅಷ್ಟೆ,” ಎಂದರು. ಜನ ಪಾಪ ಎಂದರು. ನನಗೆ ಮಾತ್ರ ಕೈಗೆ ಸಿಗದೆ ತಪ್ಪಿಸಿಕೊಂಡಿತಲ್ಲ ಎನಿಸಿತು. ಗುಂಪಿನ ಆಚೆ ನಿಂತಿದ್ದ ಯಜಮಾನರ ಗೆಳೆಯ ಚಿರತೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

ಮನೆಗೆ ಬಂದು ಯಜಮಾನರಿಗೆ ಎಲ್ಲ ಹೇಳಿಬಿಟ್ಟೆ. ಹೊಡೆಯುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಯಾರ್ಗೂ ಹೇಳ್ಬ್ಯಾಡ.”

“ಹೋಗಿ ತಪ್ಪಾಯ್ತು ಅನ್ನಿ. ದಾರಿ ಬುಟ್ಕೊಡಿ,” ಎಂದೆ.

“ಊರೋರ ಮುಂದೆ ಅಷ್ಟೊಂದು ಬೈದಿವ್ನಿ. ಈಗ ಅವನ ಕಾಲಿಗೆ ಬೀಳ್ಲಾ? ಔಷಧಿ ಕೊಟ್ಟೋನು ಅವನೇ ತಾನೆ!”

ಕೊಟ್ಟವನು ಅವನೇ, ಹೌದಲ್ಲ! ಆ ಮಾತು ನನಗೂ ಹಿತವಾಗಿ ಕೇಳಿಸಿತು. ಮಾರನೆಯ ಬೆಳಿಗ್ಗೆ ಯಜಮಾನರು ದಾರಿಗೆ ಇನ್ನೊಂದು ಹೊರೆ ಹಸಿಮುಳ್ಳು ಎಳೆದು ತಂದರು. ಹೊರೆಯ ಆ ಕಡೆ ತುದಿ ಹಿಡಿದವಳು ನಾನೇ.