ತಲೆಯಾಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಿ

ಬೆಳಗಿನ ಆರು ಗಂಟೆ. ಶಾಸನಸಭೆ ಕಟ್ಟಡದ ಮೂರನೇ ಮಹಡಿ, ರಕ್ಷಣಾ ಸಮಿತಿಯ ಕೋಣೆ. ಜನರಲ್ ಕೂರುವ ಕುರ್ಚಿಯಲ್ಲಿ ಕಸ ಗುಡಿಸುವ ಅಕ್ಕ ಕೂತಿದ್ದಾರೆ. ಪೊರಕೆ ತೊಡೆಯ ಮೇಲಿದೆ.

"ಈಗ ತಲೆ ಆಡಿಸಿ ಅಕ್ಕಾ. ಅಷ್ಟು ಜೋರಾಗಿ ಬೇಡ. ದೊಡ್ಡೋರು ಆಡಿಸ್ತಾರಲ್ಲ, ಆಡಿಸಿದ್ರೋ ಇಲ್ವೋ ಅನ್ನೋ ಹಾಗೆ."

ಅಕ್ಕ ಗಲ್ಲವನ್ನು ಒಂದು ಎಳ್ಳಿನಷ್ಟು ಇಳಿಸುತ್ತಾರೆ. ಕೋಣೆಯ ನಟ್ಟನಡುವೆ, ಪುಟ್ಟ ಮೇಜಿನ ಹಿಂದೆ ಕೂತಿರುವ ಹೆಂಗಸು ಎದ್ದು ಬಂದು ನೀರಿನ ಜಗ್ಗನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸುತ್ತಾರೆ. ವಾಪಸು ಹೋಗಿ ಕೂತು ನೋಡುತ್ತಾರೆ. ಮೈಕಿನ ಕತ್ತು ಬಗ್ಗಿಸುತ್ತಾರೆ, ಮತ್ತೆ ನೋಡುತ್ತಾರೆ. ಹೀಗೆ ಒಂದೊಂದೇ ಕುರ್ಚಿಯಲ್ಲಿ ಅಕ್ಕನನ್ನು ಕೂರಿಸಿ, ಏಳಿಸಿ, ಇಪ್ಪತ್ತಾರು ಕುರ್ಚಿ ಮುಗಿಸುವ ಹೊತ್ತಿಗೆ ಕಿಟಕಿಯ ಗಾಜಿನ ಮೇಲೆ ಬಿಸಿಲು ಬಿದ್ದಿರುತ್ತದೆ.

"ನೋಡಿ, ದಿನಾ ಬೆಳಗ್ಗೆ ಐದು ನಿಮಿಷ ನಾನೇ ಸೇನೆಯ ಮುಖ್ಯಸ್ಥೆ. ಸಂಬಳ ಮಾತ್ರ ಪೊರಕೆಯದ್ದು," ಎಂದು ಅಕ್ಕ ನಗುತ್ತಾ ಬಕೆಟ್ ಎತ್ತಿಕೊಂಡು ಹೊರಡುತ್ತಾರೆ.

ಪುಟ್ಟ ಮೇಜಿನ ಹಿಂದಿರುವವರು ಈ ಸಮಿತಿಯ ಸ್ಟೆನೋ. ವಯಸ್ಸು ಐವತ್ತೊಂಬತ್ತು, ಇಲ್ಲಿ ಕೂರಲು ಶುರುಮಾಡಿ ಮೂವತ್ತೊಂದು ವರ್ಷ. ಹಾಜರಿ ಪುಸ್ತಕದಲ್ಲಿ ಅವರಿಗೊಂದು ಹೆಸರಿದೆ, ಆದರೆ ಕಟ್ಟಡದಲ್ಲಿ ಯಾರನ್ನು ಕೇಳಿದರೂ ಬರುವ ಹೆಸರು ಒಂದೇ: ಪೆನ್ಸಿಲಮ್ಮ. ಗೇಟಿನ ಕಾವಲಿನವರಿಂದ ಹಿಡಿದು ಸಭಾಧ್ಯಕ್ಷರ ತನಕ ಎಲ್ಲರೂ ಹಾಗೇ ಕರೆಯುತ್ತಾರೆ. ಅವರಿಗೂ ಅದೇ ಹಿತ.

ಸಮಿತಿಯ ಕೆಲಸವೇನು ಎಂದು ಎರಡು ಮಾತಿನಲ್ಲಿ ಹೇಳಿಬಿಡಬೇಕು. ಸೇನೆ ದೇಶ ಕಾಯುತ್ತದೆ, ಸರಿ. ಆ ಸೇನೆ ಏನು ಕೊಳ್ಳುತ್ತಿದೆ, ಕೊಂಡದ್ದು ಕೆಲಸಕ್ಕೆ ಬರುತ್ತಿದೆಯೇ, ಸೈನಿಕನ ಕೈಗೆ ಕೊಟ್ಟ ಸಾಮಾನು ನೆಟ್ಟಗಿದೆಯೇ ಎಂದು ಕೇಳುವವರು ಬೇಡವೇ? ಅದಕ್ಕೇ ಈ ಸಮಿತಿ. ಎಲ್ಲ ಪಕ್ಷಗಳಿಂದ ಆರಿಸಿದ ಇಪ್ಪತ್ತೊಂದು ಸದಸ್ಯರು ಒಂದು ಕಡೆ ಕೂರುತ್ತಾರೆ. ಎದುರಿಗೆ ಎದೆತುಂಬ ಪದಕ ಧರಿಸಿದ ಅಧಿಕಾರಿಗಳು. ಬಾಗಿಲು ಮುಚ್ಚುತ್ತಾರೆ. ಫೋನು ಹೊರಗೆ, ಗಡಿಯಾರ ಹೊರಗೆ, ಧ್ವನಿ ಮುದ್ರಿಸುವ ಯಾವ ಯಂತ್ರವೂ ಒಳಗೆ ಬರುವಂತಿಲ್ಲ. ಹೊರಗಿನ ಶತ್ರುವಿಗೆ ಒಳಗಿನ ಮಾತು ಸಿಗಬಾರದಲ್ಲ. ಹಾಗಾಗಿ ಆ ಕೋಣೆಯಲ್ಲಿ ಯಾರು ಏನು ಹೇಳಿದರು ಎನ್ನುವುದಕ್ಕೆ ಇಡೀ ದೇಶದಲ್ಲಿ ಇರುವ ಸಾಕ್ಷಿ ಒಂದೇ. ಅದು ಪೆನ್ಸಿಲಮ್ಮನ ಶೀಘ್ರಲಿಪಿಯ ಪುಸ್ತಕ.

ನಿಮಿಷಕ್ಕೆ ನೂರಾ ನಲವತ್ತು ಪದ. ಸದನದಲ್ಲಾದರೆ ಹತ್ತು ನಿಮಿಷಕ್ಕೊಬ್ಬ ಸ್ಟೆನೋ ಬದಲಾಗುತ್ತಾರೆ. ಇಲ್ಲಿ ಗುಟ್ಟಿನ ಕೋಣೆಯಾದ್ದರಿಂದ ಒಬ್ಬರೇ. ಒಂದು ಗಂಟೆ ಆದ ಮೇಲೆ ಸಮಿತಿಯ ಅಧ್ಯಕ್ಷರು ಚಹಾ ತರಿಸುತ್ತಾರೆ. "ಚಹಾ ಅವರಿಗಲ್ಲ, ನನ್ನ ಬೆರಳಿಗೆ. ಬೆರಳು ಬಿಸಿ ಕಪ್ ಹಿಡ್ಕೊಂಡು ಸುಧಾರಿಸ್ಕೊಳ್ಳುತ್ತೆ," ಎಂದು ಅವರು ಬಲಗೈ ಚಾಚಿ ತೋರಿಸುತ್ತಾರೆ. ನಡುಬೆರಳಿನ ಪಕ್ಕದಲ್ಲಿ ಹುಣಸೆ ಬೀಜದಷ್ಟು ದಪ್ಪದ ಗಂಟು. ಒಂದು ಗಂಟೆ ಬರೆದದ್ದನ್ನು ಟೈಪು ಮಾಡಲು ನಾಲ್ಕು ಗಂಟೆ ಬೇಕು. ದಿನಕ್ಕೆ ಹನ್ನೆರಡು ಪೆನ್ಸಿಲ್. ಈವರೆಗೆ ತುಂಬಿಸಿದ ಪುಸ್ತಕ ಸಾವಿರದ ಒಂಬೈನೂರಕ್ಕೂ ಮಿಕ್ಕಿ. ಎಲ್ಲವೂ ಎರಡು ಬೀಗದ ಉಕ್ಕಿನ ಕಪಾಟಿನಲ್ಲಿ ಭದ್ರವಾಗಿವೆ.

ಒಳಗಿನ ಗುಟ್ಟೇನಾದರೂ ಹೇಳಿ ಎಂದು ಕೆಣಕಿದರೆ ತುಟಿ ಪಿಟಕ್ ಎನ್ನುವುದಿಲ್ಲ. "ಚಹಾ ಚೆನ್ನಾಗಿರುತ್ತೆ. ಇಷ್ಟೇ ಹೊರಗೆ ಹೇಳಬಹುದಾದದ್ದು," ಎನ್ನುತ್ತಾರೆ.

ಆದರೆ ವರದಿಯಲ್ಲಿ ಎಂದೋ ಅಚ್ಚಾದ ಒಂದು ಸಂಗತಿ ಹೇಳುತ್ತಾರೆ, ಅದೂ ತಮ್ಮ ತಪ್ಪಿನದ್ದು. ಕೆಲಸಕ್ಕೆ ಸೇರಿದ ನಾಲ್ಕನೇ ವರ್ಷ. ನದಿಯಲ್ಲಿ ತರಬೇತಿ ಮಾಡುವ ಸೈನಿಕರ ಲೈಫ್ ಜಾಕೆಟ್‌ಗಳ ಬಗ್ಗೆ ಪ್ರಶ್ನೆ ಬಂತು. "ಹಳೆಯವನ್ನು ಈ ವರ್ಷ ಬದಲಾಯಿಸುತ್ತೀರಲ್ಲವೇ?" ಎಂದು ಸದಸ್ಯರೊಬ್ಬರು ಕೇಳಿದರು. ಎದುರಿಗಿದ್ದ ಅಧಿಕಾರಿ ಹೌದೆಂದು ತಲೆಯಾಡಿಸಿದರು. ಸಮಿತಿ ಮುಂದಿನ ಪ್ರಶ್ನೆಗೆ ಹೋಯಿತು. ಸ್ಟೆನೋ ಬರೆಯುವುದು ಆಡಿದ ಮಾತನ್ನು. ತಲೆ ಆಡಿಸಿದ್ದಕ್ಕೆ ಶೀಘ್ರಲಿಪಿಯಲ್ಲಿ ಗೆರೆ ಇಲ್ಲ. ಅವರು ಪ್ರಶ್ನೆ ಬರೆದರು, ಉತ್ತರದ ಜಾಗ ಖಾಲಿ ಬಿಟ್ಟರು. ಮುಂದಿನ ವರ್ಷ ಸಮಿತಿ ಅದನ್ನೇ ಎತ್ತಿದಾಗ ಅಧಿಕಾರಿಗಳು ಕಡತ ತೋರಿಸಿ, "ನಾವು ಒಪ್ಪಿಕೊಂಡದ್ದೆಲ್ಲಿದೆ?" ಎಂದರು. ಒಪ್ಪಿಕೊಂಡದ್ದು ಎಲ್ಲಿಯೂ ಇರಲಿಲ್ಲ. ಅಷ್ಟರಲ್ಲಿ ಒಂದು ದೋಣಿ ಮಗುಚಿತ್ತು. ಮೂವರು ದಡ ಸೇರಲಿಲ್ಲ.

"ನನ್ನಿಂದ ಹೋದ್ರು ಅಂತ ಹೇಳೋಕಾಗಲ್ಲ. ನನ್ನಿಂದ ಅಲ್ಲವೇ ಅಲ್ಲ ಅಂತಲೂ ಹೇಳೋಕಾಗಲ್ಲ," ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ. "ನಾನು ನೋಡಿದ್ದೆ ಕಣ್ರಿ, ಅವರು ತಲೆ ಆಡಿಸಿದ್ದನ್ನ. ಕಣ್ಣಾರೆ ನೋಡಿದ್ದೆ."

ಆಗಿನ ಅಧ್ಯಕ್ಷರ ಮುಂದೆ ಹೋಗಿ ನಿಂತು ಕೇಳಿದರಂತೆ: ಹೀಗಾದಾಗ ನಾನೇನು ಮಾಡಲಿ? ಸಮಿತಿ ಕೂತಿರುವಾಗ ಸ್ಟೆನೋ ಬಾಯಿ ತೆರೆಯುವಂತಿಲ್ಲ, ಅದು ನಿಯಮ. ಅಧ್ಯಕ್ಷರು ಸ್ವಲ್ಪ ಯೋಚಿಸಿ ಹೇಳಿದರು, "ಮಾತಾಡಬೇಡಿ. ಪೆನ್ಸಿಲ್ ಎತ್ತಿ ಹಿಡೀರಿ. ಮಿಕ್ಕಿದ್ದು ನಾನು ನೋಡ್ಕೋತೀನಿ." ಅಂದಿನಿಂದ ಐವರು ಅಧ್ಯಕ್ಷರು ಬಂದುಹೋದರು, ಪದ್ಧತಿ ಹೋಗಲಿಲ್ಲ. ಯಾರಾದರೂ ತಲೆಯಾಡಿಸಿದರೆ, ಭುಜ ಹಾರಿಸಿದರೆ, ಬರೀ ನಕ್ಕು ಸುಮ್ಮನಾದರೆ, ನಡುಮೇಜಿನಿಂದ ಪೆನ್ಸಿಲೊಂದು ಮೇಲೇಳುತ್ತದೆ. ಅಧ್ಯಕ್ಷರು ಅಧಿಕಾರಿಯ ಕಡೆ ತಿರುಗಿ, "ಬಾಯಿಬಿಟ್ಟು ಹೇಳಿ" ಎನ್ನುತ್ತಾರೆ. ರಣರಂಗದಲ್ಲಿ ಎದೆಗೊಟ್ಟು ನಿಂತವರೂ ಆ ಪೆನ್ಸಿಲ್ ಕಂಡರೆ ಒಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾರಂತೆ.

ಮನೆಯಲ್ಲಿ ಇದರ ಫಲ ಉಣ್ಣುವವರು ಅವರ ಯಜಮಾನರು. ಸಿಟಿ ಬಸ್ಸಿನ ಚಾಲಕರಾಗಿದ್ದು ನಿವೃತ್ತರಾದವರು. "ಇನ್ನೊಂದು ಲೋಟ ಕಾಫಿ ಬೇಕಾ ಅಂತಾಳೆ. ತಲೆಯಾಡಿಸಿದ್ರೆ ಕೊಡಲ್ಲ. 'ಬೇಕು' ಅಂತ ಹೇಳಿಸ್ಕೊಂಡೇ ಕೊಡೋದು. ನಮ್ಮ ಮದುವೆ ಮಾತುಕತೇಲಿ ಇವಳು ತಲೆ ತಗ್ಗಿಸ್ಕೊಂಡು ಸುಮ್ನೆ ಕೂತಿದ್ಲು. ಅದನ್ನ ಯಾರು ಬರ್ಕೊಂಡ್ರು ಕೇಳಿ!" ನರ್ಸ್ ಆಗಿರುವ ಮಗಳು ಅಪ್ಪನ ಮಾತಿಗೆ ಬಿದ್ದು ಬಿದ್ದು ನಗುತ್ತಾಳೆ. ಪೆನ್ಸಿಲಮ್ಮ ಮಾತ್ರ ಗಂಭೀರವಾಗಿ, "ನಾನು 'ಹೂಂ' ಅಂದಿದ್ದೆ, ನಿಮಗೇ ನೆನಪಿಲ್ಲ," ಎಂದು ದಾಖಲೆ ಸರಿಪಡಿಸುತ್ತಾರೆ.

ಕಳೆದ ವರ್ಷ ನಡೆದದ್ದು ಮಾತ್ರ ನಗುವ ಸಂಗತಿಯಲ್ಲ. ಸಮಿತಿಯ ವರದಿ ಈಗ ಸದನದಲ್ಲಿ ಮಂಡನೆಯಾಗಿ ಅಚ್ಚಾಗಿದೆ, ಹಾಗಾಗಿ ಬರೆಯಲು ಅಡ್ಡಿಯಿಲ್ಲ. ವಿಮಾನದಿಂದ ಹಾರುವ ಸೈನಿಕರಿಗೆ ಆರುನೂರ ನಲವತ್ತು ಹೊಸ ಪ್ಯಾರಾಚೂಟ್ ಬಂದಿದ್ದವು. ಇನ್ನು ಮೂರು ತಿಂಗಳಲ್ಲಿ ಅವುಗಳನ್ನು ಕಟ್ಟಿಕೊಂಡು ಹುಡುಗರು ಹಾರುವುದಿತ್ತು. "ಎಲ್ಲವನ್ನೂ ಭಾರ ಕಟ್ಟಿ, ಮೇಲಿಂದ ಬಿಟ್ಟು ಪರೀಕ್ಷಿಸಿದ್ದೀರಾ?" ಎಂದು ಸಮಿತಿ ಕೇಳಿತು. ಉಗ್ರಾಣದ ಹೊಣೆ ಹೊತ್ತ ಹಿರಿಯ ಅಧಿಕಾರಿ ಮೇಜನ್ನೇ ನೋಡುತ್ತಾ, ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದರು. ಪೆನ್ಸಿಲ್ ಎದ್ದಿತು. ಅಧ್ಯಕ್ಷರು ಎಂದಿನಂತೆ ಹೇಳಿದರು. ಅಧಿಕಾರಿ ಬಾಯಿಬಿಟ್ಟರು: "ಇಲ್ಲ. ಎಲ್ಲವನ್ನೂ ಪರೀಕ್ಷಿಸಿಲ್ಲ. ತಯಾರಕರ ಕಾಗದ ನೋಡಿ ತೆಗೆದುಕೊಂಡೆವು."

ಇಲ್ಲೊಂದು ಪದ್ಧತಿ ಇದೆ. ಟೈಪಾದ ಪ್ರತಿಯನ್ನು ಮಾತಾಡಿದವರಿಗೆ ಕಳಿಸುತ್ತಾರೆ. ಅಂಕಿ ತಪ್ಪಿದ್ದರೆ, ಊರಿನ ಹೆಸರು ತಪ್ಪಿದ್ದರೆ ಅವರು ತಿದ್ದಬಹುದು. ಆಡಿದ ಮಾತನ್ನು ವಾಪಸು ಪಡೆಯುವಂತಿಲ್ಲ. ತಿದ್ದಿ ಬಂದ ಪ್ರತಿಯನ್ನು ಸ್ಟೆನೋ ತಮ್ಮ ಪುಸ್ತಕದ ಜೊತೆ ಹೋಲಿಸಿ, ಸರಿ ಎಂದು ಸಹಿ ಹಾಕಿದ ಮೇಲೆಯೇ ಅದು ದಾಖಲೆ.

ಒಂಬತ್ತು ದಿನದ ನಂತರ ಪ್ರತಿ ಮರಳಿ ಬಂತು. ಆ ಮೂರು ವಾಕ್ಯಗಳ ಮೇಲೆ ಕೆಂಪು ಗೆರೆ. ಪಕ್ಕದಲ್ಲಿ ಅಂದವಾದ ಅಕ್ಷರದಲ್ಲಿ: 'ಪರೀಕ್ಷೆ ಪ್ರಗತಿಯಲ್ಲಿದೆ.' ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ!

ಪೆನ್ಸಿಲಮ್ಮನನ್ನು ಅವರ ಮೇಲಧಿಕಾರಿ ಕರೆಸಿ ಕೂರಿಸಿಕೊಂಡರು. ಕೆಟ್ಟವರಲ್ಲ, ಹೆದರಿದ್ದರು ಅಷ್ಟೇ. "ನೋಡಮ್ಮ, ನಿವೃತ್ತಿ ಹತ್ತಿರ ಬಂತು. ಈ ಕೋಣೆಗೆ ಹೋಗೋ ಅನುಮತಿ ಚೀಟಿ ಕೊಡೋರೂ ಸೇನೆಯವರೇ. ಅದನ್ನ ಕಿತ್ಕೊಂಡ್ರೆ ನಿನ್ನನ್ನ ಕಡತದ ಕೋಣೆಗೆ ಹಾಕ್ತಾರೆ. ಮೇಲೊಂದು ವಿಚಾರಣೆ ಬೇರೆ. ಸಹಿ ಹಾಕಿಬಿಡು. ಯಾರು ಓದ್ತಾರೆ ಅದನ್ನ?" ಎಂದರು.

ಅಂದು ಸಂಜೆ ಅವರು ಮನೆಗೆ ಬಂದು ಚಪ್ಪಲಿ ಬಿಡುವುದನ್ನೂ ಮರೆತು ಕೂತಿದ್ದರೆಂದು ಯಜಮಾನರು ನೆನೆಸಿಕೊಳ್ಳುತ್ತಾರೆ. "ಏನಾಯ್ತು ಅಂತ ಕೇಳಿದೆ. ಹೇಳಲ್ಲ ಅಂತ ಗೊತ್ತು, ಆದ್ರೂ ಕೇಳ್ಬೇಕಲ್ಲ. 'ಸುಮ್ನೆ ಇದ್ರೆ ಏನಾಗುತ್ತೆ ಅಂತ ಒಂದ್ಸಲ ನೋಡಿದ್ದೀನಿ' ಅಂದ್ಲು. ನನಗೆ ತಲೆಬುಡ ತಿಳೀಲಿಲ್ಲ. ಪಕ್ಕದಲ್ಲಿ ಕೂತ್ಕೊಂಡೆ."

ಮರುದಿನ ಅವರು ಪ್ರತಿಯ ಕೆಳಗೆ ಬರೆದದ್ದು ಇಷ್ಟು: 'ಇದು ತಿದ್ದುಪಡಿಯಲ್ಲ. ಹೇಳಿದ ಮಾತನ್ನು ತೆಗೆದಿದ್ದಾರೆ. ನನ್ನ ಪುಸ್ತಕ ನೋಡಬಹುದು.' ಕೆಳಗೆ ಸಹಿ, ತಾರೀಕು. ಎರಡೇ ದಿನದಲ್ಲಿ ಅನುಮತಿ ಚೀಟಿ 'ಮರುಪರಿಶೀಲನೆಗೆ' ಹೋಯಿತು. ಹದಿನೇಳು ದಿನ ಅವರು ನೆಲಮಾಳಿಗೆಯಲ್ಲಿ ಹಳೆಯ ಕಡತಗಳ ದೂಳು ಹೊಡೆದರು. ಇಪ್ಪತ್ತೈದು ವರ್ಷ ಆ ಕೋಣೆಯಲ್ಲಿ ತಲೆ ಆಡಿಸಿದವರನ್ನೆಲ್ಲ ಮಾತಾಡಿಸಿದ ಹೆಂಗಸಿನ ಜೊತೆ ಊಟದ ಮನೆಯಲ್ಲಿ ಕೂರಲೂ ಜನ ಹಿಂಜರಿದರು. ಕಸ ಗುಡಿಸುವ ಅಕ್ಕ ಒಬ್ಬರೇ ದಿನಾ ಬುತ್ತಿ ಹಿಡಿದು ಕೆಳಗಿಳಿದು ಬರುತ್ತಿದ್ದರು.

ಹದಿನೆಂಟನೇ ದಿನ ಅಧ್ಯಕ್ಷರೇ ಸಮಿತಿಯ ಅಧಿಕಾರ ಬಳಸಿ ಅವರನ್ನು ಪುಸ್ತಕದ ಸಮೇತ ಕರೆಸಿದರು. ಎದುರಿಗೆ ಅದೇ ಹಿರಿಯ ಅಧಿಕಾರಿ. "ಓದಿ," ಎಂದರು ಅಧ್ಯಕ್ಷರು. ಸಮಿತಿ ಕೂತಿರುವಾಗ ಪೆನ್ಸಿಲಮ್ಮನ ದನಿ ಕೇಳಿಸಿದ್ದು ಅದೇ ಮೊದಲು.

"ಗೆರೆಗಳೆಲ್ಲ ಇರುವೆ ಹರಿದಾಡಿದ ಹಾಗೆ ಕಂಡ್ವು. ಆದ್ರೂ ಓದಿದೆ. ಮೂರು ವಾಕ್ಯ ತಾನೆ."

ಆ ಅಧಿಕಾರಿ ಎದ್ದು ನಿಂತರು. ಅವರು ಹೇಳಿದ್ದು ಅಚ್ಚಾದ ವರದಿಯ ಎಪ್ಪತ್ತೆರಡನೇ ಪುಟದಲ್ಲಿದೆ: "ಅದು ನನ್ನದೇ ಮಾತು. ಆಕೆ ಬರೆದದ್ದು ಅಕ್ಷರಶಃ ಸರಿ. ನನ್ನ ಕಚೇರಿಯಲ್ಲಿ ಅದನ್ನು ಹೊಡೆದುಹಾಕಿದ್ದಾರೆ. ನಾನು ನೋಡದೆ ಸಹಿ ಮಾಡಿದೆ. ತಪ್ಪು ನನ್ನದು."

ಪೆನ್ಸಿಲಮ್ಮನ ಅನುಮತಿ ಚೀಟಿ ಮರಳಿ ಬಂತು. ಹುಡುಗರು ಹಾರುವುದನ್ನು ನಿಲ್ಲಿಸಿದರು. ಆರುನೂರ ನಲವತ್ತನ್ನೂ ಒಂದೊಂದಾಗಿ, ಮರಳಿನ ಮೂಟೆ ಕಟ್ಟಿ ಮೇಲಿಂದ ಬಿಟ್ಟರು. ಐವತ್ತೆಂಟು ಬಿಚ್ಚಿಕೊಳ್ಳಲೇ ಇಲ್ಲ.

ಐವತ್ತೆಂಟು. ಆ ಅಂಕಿಯನ್ನು ಟೈಪು ಮಾಡಿದವರೂ ಅವರೇ. "ಅವತ್ತು ಅತ್ತುಬಿಟ್ಟೆ. ಸಂತೋಷಕ್ಕೋ ಭಯಕ್ಕೋ ಗೊತ್ತಿಲ್ಲ. ಮೂಟೆ ಬಿತ್ತು ಬಿಡಿ, ಮರಳು ಚೆಲ್ಲಿತು. ಮರಳಿಗೆ ತಾಯಿ ಇಲ್ಲವಲ್ಲ."

ಹಿಂದೆ ಗಣಿತದ ಮೇಷ್ಟ್ರಾಗಿದ್ದ ಅಧ್ಯಕ್ಷರಿಗೆ ಹೊಗಳಿ ಅಭ್ಯಾಸವಿಲ್ಲ. ಆದರೂ ಹೇಳುತ್ತಾರೆ, "ನಾವು ಚುನಾವಣೆಗೊಮ್ಮೆ ಬದಲಾಗ್ತೀವಿ. ಅಧಿಕಾರಿಗಳು ವರ್ಗವಾಗಿ ಹೋಗ್ತಾರೆ. ಹೋದ ವರ್ಷ ಯಾರು ಏನು ಒಪ್ಪಿಕೊಂಡ್ರು ಅಂತ ಗಟ್ಟಿಯಾಗಿ ಇಟ್ಕೊಂಡಿದ್ದು ಈಕೆ. ಇಂಥವರಿದ್ದಾರೆ ಅಂತ ನಾನು ತಲೆಯೆತ್ತಿ ಸಮಿತಿ ನಡೆಸಿದ್ದೇನೆ." ವರದಿಯಲ್ಲಿ ಸದಸ್ಯರ ಹೆಸರಿದೆ, ಅಧಿಕಾರಿಗಳ ಹೆಸರಿದೆ, ಅಚ್ಚು ಮಾಡಿದವರ ವಿಳಾಸವೂ ಇದೆ. ಪೆನ್ಸಿಲಮ್ಮನ ಹೆಸರು ಎಲ್ಲಿಯೂ ಇಲ್ಲ. ಮಗಳಿಗೆ ಅದರ ಬಗ್ಗೆ ಇನ್ನೂ ಸಿಟ್ಟು. ತಾಯಿ ಮಾತ್ರ, "ನನ್ನ ಹೆಸರು ಹಾಕಿದ್ರೆ ಅದನ್ನೂ ನಾನೇ ಟೈಪ್ ಮಾಡ್ಬೇಕಿತ್ತು," ಎಂದು ಮಾತು ತೇಲಿಸುತ್ತಾರೆ.

ನಿವೃತ್ತಿಗೆ ಇನ್ನು ಆರು ವಾರ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಮೊದಲು ಏನಿಲ್ಲ ಎನ್ನುತ್ತಾರೆ. ಮತ್ತೆ ಕೇಳಿದರೆ ನಾಚಿಕೊಳ್ಳುತ್ತಾರೆ. ಪ್ಯಾರಾಚೂಟ್ ಎಂಬ ಪದವನ್ನು ಅದೆಷ್ಟು ನೂರು ಸಲ ಬರೆದಿದ್ದಾರೋ, ಒಂದನ್ನೂ ಕಣ್ಣಿನಿಂದ ನೋಡಿಲ್ಲವಂತೆ. ಆ ಹುಡುಗರು ಹಾರುವ ಮೈದಾನಕ್ಕೆ ಒಂದು ಸಲ ಹೋಗಬೇಕು, ಬೇಲಿಯ ಆಚೆ ನಿಂತರೂ ಸಾಕು ಎನ್ನುತ್ತಾರೆ.

"ಹೋಗಿ ಏನು ಮಾಡ್ತೀಯ, ಕೈ ಬೀಸ್ತೀಯಾ?" ಎಂದು ಯಜಮಾನರು ಕಾಲೆಳೆಯುತ್ತಾರೆ.

"ಇಲ್ಲ," ಎನ್ನುತ್ತಾರೆ ಅವರು. "ಎಷ್ಟು ಜನ ಹಾರಿದ್ರು ಅಂತ ಎಣಿಸ್ತೀನಿ. ಆಮೇಲೆ ಎಷ್ಟು ಜನ ಎದ್ದು ನಡ್ಕೊಂಡು ಬಂದ್ರು ಅಂತ ಎಣಿಸ್ತೀನಿ. ಎರಡೂ ಒಂದೇ ಆದ್ರೆ ಬಸ್ಸು ಹತ್ತಿ ಮನೆಗೆ ಬರ್ತೀನಿ."